ಕೋಡಿಗಜನಿಯ ವೈಸ್ ಚೇರ್ಮನ್ನರು

ಅಣ್ಣಪ್ಪ ನಾಯ್ಕರು ಚೇರ್ಮನ್ ಆದರೆ ಊರು ಉದ್ಧಾರವಾಗುತ್ತದೆ ಎಂದು ಮೊಟ್ಟಮೊದಲು ಬಾಯಿಬಿಟ್ಟು ಹೇಳಿದವನು ನಾನು. ಹೇಳಿದ್ದು ಕರ್ಕಿಯ ಚಾ ಅಂಗಡಿಯಲ್ಲಿ, ಬಾಯಲ್ಲಿ ಅರ್ಧ ಬನ್ಸ್ ಇಟ್ಟುಕೊಂಡು. ಆದ್ದರಿಂದ ಅದನ್ನು ರಾಜಕೀಯ ಭಾಷಣ ಎಂದು ಯಾರೂ ತಿಳಿಯಲಿಲ್ಲ. ಆದರೆ ಒಪ್ಪದವರೂ ಅಲ್ಲಿ ಯಾರೂ ಇರಲಿಲ್ಲ.

ನಾನು ಆಗ ಕೋಡಿಗಜನಿ ಗ್ರಾಮಪಂಚಾಯತಿಯ ಸೆಕ್ರೆಟರಿ. ಭಟ್ಕಳದಲ್ಲಿ ನನ್ನ ಆಯಿ ಇದನ್ನು ನೆರೆಮನೆಗೆಲ್ಲ ಹೇಳಿಕೊಂಡು ಬಂದಿದ್ದಳು. ಕೇಳಿದವರು ನಾನು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಮಂತ್ರಿಗಳ ಬಗಲಿಗೆ ಕೂತಿದ್ದೇನೆ ಎಂದುಕೊಂಡಿದ್ದರು. ನಾನು ಕೂರುತ್ತಿದ್ದದ್ದು ಒಂದು ಹಂಚಿನ ಕೋಣೆಯಲ್ಲಿ. ಬೆಳಿಗ್ಗೆ ಬೀಗ ತೆಗೆಯುವವನು, ಕಸ ಗುಡಿಸುವವನು, ಠರಾವು ಬರೆಯುವವನು, ಸಂಜೆ ಬೀಗ ಹಾಕುವವನು ಎಲ್ಲ ಒಬ್ಬನೇ. ರಾತ್ರಿ ಅದೇ ಕೋಣೆಯ ಹಿಂದಿನ ಭಾಗದಲ್ಲಿ ಚಾಪೆ. ಮ್ಯಾಟ್ರಿಕ್ಕಿನ ಇಂಗ್ಲಿಷು ಎರಡನೆಯ ಸಲಕ್ಕೆ ಕೈಗೆ ಸಿಕ್ಕಿದ್ದರಿಂದ ಮೂರನೆಯ ಸಲ ಕಟ್ಟುವ ಸುಖ ನನಗೆ ದಕ್ಕಲಿಲ್ಲ. ಇಲ್ಲವಾದರೆ ಈ ಕೆಲಸವೂ ಇಲ್ಲ, ಅಣ್ಣಪ್ಪ ನಾಯ್ಕರೂ ಇಲ್ಲ.

ಕೋಡಿಗಜನಿ ಇರುವುದು ಹೊನ್ನಾವರದಿಂದ ಬಡಗಿಗೆ, ಹೊಳೆ ಸಮುದ್ರಕ್ಕೆ ಸೇರುವ ಮುಂಚೆ ಅಗಲವಾಗಿ ಸೋಮಾರಿಯಾಗುವ ಜಾಗದಲ್ಲಿ. ಅಲ್ಲಿ ಭರತಕ್ಕೆ ಉಪ್ಪುನೀರು ಮೇಲೆ ಬರುತ್ತದೆ, ಇಳಿತಕ್ಕೆ ಹೋಗುತ್ತದೆ. ಆ ನೀರಿಗೆ ಅಡ್ಡವಾಗಿ ಮಣ್ಣಿನ ಒಡ್ಡು ಕಟ್ಟಿ, ಒಳಗೆ ಕಗ್ಗ ಎಂಬ ಗಟ್ಟಿ ಜೀವದ ಭತ್ತ ಬೆಳೆಯುತ್ತಾರೆ. ಅದೇ ಗಜನಿ. ಒಡ್ಡಿನ ನಡುವೆ ಒಂದು ಕಂಡಿ, ಕಂಡಿಗೆ ಒಂದರ ಮೇಲೊಂದು ಇಳಿಸಿದ ಮರದ ಹಲಗೆಗಳು. ಮಳೆಗಾಲದಲ್ಲಿ ಇಳಿತದ ಹೊತ್ತಿಗೆ ಹಲಗೆ ಎತ್ತಿ ಮಳೆನೀರು ಹೊರಗೆ ಬಿಡಬೇಕು, ಭರತ ಬರುವ ಮುಂಚೆ ಇಳಿಸಬೇಕು. ಅದನ್ನು ನೋಡಿಕೊಳ್ಳಲು ಸುಕ್ರ ಗೌಡ ಇದ್ದ. ಕೊಯ್ಲು ಮುಗಿದ ಮೇಲೆ ಮಾತ್ರ ಉಪ್ಪುನೀರು ಒಳಗೆ ಬಿಡುವುದು. ಅದರ ಜೊತೆಗೆ ಬರುವ ಸಿಗಡಿ, ಆ ಕಡೆಯವರ ಬಾಯಲ್ಲಿ ಶೆಟ್ಲಿ, ಮುಂದಿನ ಮಳೆಯ ತನಕ ಊರಿಗೆ ಸಾರು. ಆ ದಿನ ಒಡ್ಡಿನ ಮೇಲೆ ಕಾಯಿ ಒಡೆದು, ಮೊದಲ ಹಲಗೆಗೆ ಕೈ ಹಾಕಬೇಕಾದವರು ಊರಿನ ಹಿರಿಯರು. ಪಂಚಾಯತಿ ಬಂದ ಮೇಲೆ ಚೇರ್ಮನ್ನರು. ಬೇರೆ ಯಾರು ಮುಟ್ಟಿದರೂ ಅದು ಕಳ್ಳತನಕ್ಕೆ ಸಮ.

ಚೇರ್ಮನ್ನರು ಮಹಾಗಣಪತಿ ಹೆಗಡೆಯವರು. ತೋಟದ ಮನೆಯವರು, ಕಾಗದಪತ್ರ ಬಲ್ಲವರು, ಕುಮಟೆಯ ಪ್ರಾಂತ ಸಾಹೇಬರ ಎದುರು ಕೂತು ಮಾತಾಡುವ ಎದೆ ಇದ್ದವರು. ವೈಸ್ ಚೇರ್ಮನ್ನರು ಅಣ್ಣಪ್ಪ ನಾಯ್ಕರು. ಅವರು ವೈಸ್ ಆದದ್ದು ಗದ್ದೆ ಕಡೆಯಿಂದಲೂ ಒಂದು ಹೆಸರು ಇರಲಿ ಎಂದು. ಸಭೆಯಲ್ಲಿ ಹೆಗಡೆಯವರು ಮಾತಾಡುತ್ತಿದ್ದರು, ಅಣ್ಣಪ್ಪ ನಾಯ್ಕರು ಕಿಟಕಿಯ ಹತ್ತಿರ ಕೂತು ಅಡಕೆ ಕತ್ತರಿಸುತ್ತಿದ್ದರು. ಅವರ ಇಡೀ ಅಧಿಕಾರ ಸಂಜೆ ಶುರುವಾಗುತ್ತಿತ್ತು, ಅವರ ಜಗಲಿಯಲ್ಲಿ.

ಹೆಂಡತಿ ತೀರಿಹೋಗಿ ಬಹಳ ವರ್ಷ. ಮಕ್ಕಳಿಲ್ಲ. ಆದರೂ ಆ ಜಗಲಿಯಲ್ಲಿ ಸಂಜೆ ಚಪ್ಪಲಿ ಬಿಡಲು ಜಾಗ ಇರುತ್ತಿರಲಿಲ್ಲ. ಹೆಗಡೆಯವರಿಗೆ ಹೇಳಲಾಗದ್ದನ್ನೆಲ್ಲ ಜನ ಇವರಿಗೆ ಹೇಳುತ್ತಿದ್ದರು. ಇವರು ಎಲೆಅಡಕೆಯ ಕವಳದ ಹರಿವಾಣ ಮುಂದೆ ದೂಡಿ, "ಆತು ಆತು, ನೋಡ್ವ" ಎನ್ನುತ್ತಿದ್ದರು. ಹೇಳಿದವನು ಅರ್ಧ ಕೆಲಸ ಆದ ಹಾಗೆ ಎದ್ದುಹೋಗುತ್ತಿದ್ದ. ಕೆಲಸ ಆಗುತ್ತಿತ್ತೋ ಇಲ್ಲವೋ, ಆಗದಿದ್ದರೆ ತಪ್ಪು ಹೆಗಡೆಯವರದು. ಅಣ್ಣಪ್ಪ ನಾಯ್ಕರ ಹೆಂಡತಿಯ ತಮ್ಮ ಮಂಜು ದಿನಾ ಬಂದು ಅವರಿಗೆ ಸಾರು ಕೊಟ್ಟು, ಬೈದು, ಉಂಡು ಹೋಗುತ್ತಿದ್ದ. ನಾನೂ ಹೋಗುತ್ತಿದ್ದೆ. ಹೊಟ್ಟೆಗೆ ಮೀನು, ಕಿವಿಗೆ ಸುದ್ದಿ. ಭಟ್ಕಳದ ಮನೆ ನೆನಪಾಗದ ಹಾಗೆ ಎರಡೂ ಕಾಯುತ್ತಿದ್ದವು.

ಅರವತ್ತಮೂರನೆಯ ಇಸವಿಯ ಚೌತಿ ಕಳೆದು ಹುಣ್ಣಿಮೆಯ ಹೊತ್ತಿಗೆ ಮೇಲಿನ ಊರಿನಿಂದ ಒಬ್ಬ ಸಾಹೇಬರು ನಮ್ಮ ರಸ್ತೆ ನೋಡಲು ಬಂದರು. ರಸ್ತೆ ಇರಲಿಲ್ಲ, ಅದನ್ನೇ ನೋಡಬೇಕಾಗಿತ್ತು. ಸಾಹೇಬರು ಮೀನು ತಿನ್ನುವವರು ಎಂದು ಗೊತ್ತಾದದ್ದೇ ಹೆಗಡೆಯವರಿಗೆ ಚಿಂತೆ ಹತ್ತಿತು. ಜನ್ಮದಲ್ಲಿ ಮೀನು ಮುಟ್ಟದ ಮನುಷ್ಯ. ಶೆಟ್ಲಿ ಯಾವ ಕಾಲಕ್ಕೆ, ಯಾವ ನೀರಿಗೆ ಎಂದು ಅವರಿಗೆ ತಿಳಿಯುವುದು ನನಗೆ ಇಂಗ್ಲಿಷು ತಿಳಿದಷ್ಟೇ. ಭರತಕ್ಕೆ ಹಲಗೆ ಎತ್ತಿದರೆ ಶೆಟ್ಲಿ ಬರುತ್ತದೆ ಎಂಬುದೊಂದು ಗೊತ್ತಿತ್ತು. ಕೊಡೆ ಹಿಡಿದು ಒಡ್ಡಿಗೆ ಹೋಗಿ ತಾವೇ ಸುಕ್ರನಿಂದ ಎತ್ತಿಸಿದರು. ಗದ್ದೆಯಲ್ಲಿ ಕಗ್ಗ ತೆನೆ ಬಿಡುತ್ತಿತ್ತು. "ಒಡೆಯಾ, ಈಗಲ್ಲ" ಎಂದ ಸುಕ್ರನಿಗೆ, "ಒಂದು ಗಳಿಗೆ ಮಾರಾಯ, ರಸ್ತೆಗೋಸ್ಕರ" ಎಂದರಂತೆ.

ಹುಣ್ಣಿಮೆಯ ನೀರು ಒಂದು ಗಳಿಗೆಯ ಮಾತು ಕೇಳಲಿಲ್ಲ. ಇಳಿಯುವಾಗಿನ ಸೆಳೆತಕ್ಕೆ ಅಡಿಯ ಹಲಗೆ ಕಿತ್ತು ಹೊಳೆಗೆ ಹೋಯಿತು. ಹೊನ್ನಾವರದಿಂದ ಹೊಸ ಹಲಗೆ ಬರುವ ತನಕ ಎಷ್ಟೋ ಭರತಗಳು ಹೇಳದೆ ಕೇಳದೆ ಒಳಗೆ ಬಂದುಹೋದವು. ತಗ್ಗಿನ ಕಡೆಯ ಬೆಳೆ ನಿಂತಲ್ಲೇ ಕಪ್ಪಾಯಿತು.

ಇಷ್ಟಕ್ಕೆ ಹೆಗಡೆಯವರು "ನನ್ನಿಂದ ತಪ್ಪಾಯಿತು" ಎಂದಿದ್ದರೆ ಊರು ನಾಲ್ಕು ದಿನ ಬೈದು ಸುಮ್ಮನಾಗುತ್ತಿತ್ತು. ಅವರು ಸುಕ್ರ ನಿದ್ದೆ ಮಾಡಿದ ಎಂದರು. ಸುಕ್ರನ ಕೆಲಸ ಹೋಯಿತು. ಅವನ ಹೆಂಡತಿ ಲಕ್ಕಿಯ ಗದ್ದೆ ಎಲ್ಲರದಕ್ಕಿಂತ ತಗ್ಗಿನದು, ಅದೂ ಹೋಯಿತು. ಸುಕ್ರ ತಿರುಗಿ ಮಾತಾಡಲಿಲ್ಲ. ಮಾತಾಡಿದವರು ಸಾಹೇಬರು. ರಸ್ತೆ ಮಂಜೂರಾದ ಸಂತೋಷಕ್ಕೆ ಕರೆದ ಸಭೆಯಲ್ಲಿ, ಹಾರ ಹಾಕಿಸಿಕೊಂಡು, ಚೇರ್ಮನ್ನರು ತುಂಬಿದ ಗದ್ದೆಯ ಹಲಗೆ ತೆಗೆಸಿ ತಮಗಾಗಿ ಹಿಡಿಸಿದ ಶೆಟ್ಲಿಯ ರುಚಿಯನ್ನು ಅವರು ಬಾಯ್ತುಂಬ ಹೊಗಳಿದರು. ಸಭೆಯಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಅಭ್ಯಾಸಬಲದಿಂದ ನಾನೊಬ್ಬ ತಟ್ಟಿದೆ.

ಹೆಗಡೆಯವರು ಮರುದಿನವೇ ರಾಜೀನಾಮೆ ಕೊಟ್ಟರು. ಅವಧಿ ಮುಗಿಯುವ ತನಕ ವೈಸ್ ಚೇರ್ಮನ್ನರೇ ನೋಡಿಕೊಳ್ಳಬೇಕೆಂದು ಕುಮಟೆಯಿಂದ ಹುಕುಂ ಬಂತು. ಚಾ ಅಂಗಡಿಯಲ್ಲಿ ನನ್ನ ಬನ್ಸ್ ಭಾಷಣ ಆದದ್ದು ಆಗ. ಕೇಳುವ ಮನುಷ್ಯನಿಗಿಂತ ಆಳುವ ಮನುಷ್ಯ ಬೇಕೇ, ಜಗಲಿಯಲ್ಲಿ ಕೂತು ಊರಿನ ಕಷ್ಟ ಕೇಳಿದವರು ಕುರ್ಚಿಯಲ್ಲಿ ಕೂತರೆ ಮರೆಯುತ್ತಾರೆಯೇ, ಹೀಗೆಲ್ಲ. ಚಾ ಸೋಸುತ್ತಿದ್ದ ಕುಪ್ಪ ಮಾತ್ರ, "ಅಲ್ದ, ಅವ್ರು ಈವರೆಗೆ ಯಾರಿಗಾದ್ರೂ ಆಗೂದಿಲ್ಲ ಅಂದದ್ದು ಕೇಳಿದ್ಯಾ ನೀನು?" ಎಂದ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದೆ.

ಅಣ್ಣಪ್ಪ ನಾಯ್ಕರು ಮೊದಲು ಮಾಡಿದ್ದು ಸುಕ್ರನನ್ನು ಕರೆಸಿ ಕೆಲಸ ಕೊಟ್ಟದ್ದು. ಎರಡನೆಯದು, ತಗ್ಗಿನ ಕಡೆಯವರಿಗೆ ಅಘನಾಶಿನಿ ಕಡೆಯಿಂದ ಬೀಜ ತರಿಸಿದ್ದು. ಅಲ್ಲಿಯ ತನಕ ನನ್ನ ಭಾಷಣ ಸರಿಯಾಗಿಯೇ ನಡೆದಿತ್ತು. ಆದರೆ ಮುಂದಿನ ಮಳೆಗಾಲಕ್ಕೆ ಬೀಜ ತಡವಾಗಿ ಬಂತು, ತಗ್ಗಿನ ಬಿತ್ತನೆ ತಡವಾಯಿತು. ಮೇಲಿನ ಕಡೆ ಕೊಯ್ಲು ಮುಗಿದು ಹುಲ್ಲು ಒಣಗುವಾಗ ತಗ್ಗಿನಲ್ಲಿ ಕಗ್ಗ ಇನ್ನೂ ಹಸಿರು. ಮೇಲಿನವರಿಗೆ ದೀಪಾವಳಿ ಅಮಾಸ್ಯೆಯ ಭರತ ಬೇಕು. ಆ ನೀರಿಗೆ ಬಂದಷ್ಟು ಶೆಟ್ಲಿ ಮತ್ತೆ ಬರುವುದಿಲ್ಲ, ಹಲಗೆ ಕಿತ್ತುಹೋದ ಗಲಾಟೆಯಲ್ಲಿ ಹೋದ ವರ್ಷವೂ ಅವರ ಬಲೆ ಖಾಲಿ.

ಮೇಲಿನವರ ಪರವಾಗಿ ಮಂಜು ಜಗಲಿಗೆ ಬಂದ. "ಭಾವ, ಅಮಾಸ್ಯೆಗೆ ಹಲಗೆ ತೆಗೂದೇ ಅಲ್ದ?"

"ಆತು, ನೋಡ್ವ."

ಅವನು ಬಲೆ ನೇಯಲು ಹೋದ. ಅವನ ಹಿಂದೆಯೇ ಲಕ್ಕಿ ಬಂದಳು. ಜಗಲಿಗೆ ಹತ್ತದೆ ಅಂಗಳದಲ್ಲೇ ನಿಂತು, "ನಾಯ್ಕ್ರೇ, ನಂದು ಕೊಯ್ಯೂತನಕ ಹಲಗೆ ತೆಗೀಬೇಡಿ. ಈ ಸಲನೂ ಹೋದ್ರೆ ನಾವು ಘಟ್ಟದ ಮೇಲೆ ಕೂಲಿಗೆ ಹೋಗೂದೇ" ಎಂದಳು.

"ಆತು ಲಕ್ಕಿ, ನೋಡ್ವ."

ಅವಳೂ ಸಮಾಧಾನದಿಂದ ಹೋದಳು. ನಾನು ಕಂಬಕ್ಕೆ ಒರಗಿ ಬಂಗಡೆಯ ಮುಳ್ಳು ಬಿಡಿಸುತ್ತಿದ್ದೆ. ಕೈ ತಡೆಯಿತು. "ಎರಡೂ ಹ್ಯಾಂಗೆ ಆಗ್ತದೆ ಅಣ್ಣಪ್ಪಣ್ಣ?" ಎಂದೆ.

ಅವರು ಅಡಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಮುಂಚೆ ಆಗ್ತಿತ್ತು ತಮಾ. ಆಗ ಹೆಗ್ಡೇರು ಇದ್ರು."

ಆ ವಾರವೆಲ್ಲ ಜಗಲಿ ತುಂಬಿತ್ತು. ಮೇಲಿನವರು ಬಂದರು, ತಗ್ಗಿನವರು ಬಂದರು, ಎಲ್ಲರಿಗೂ ಕವಳ, ಎಲ್ಲರಿಗೂ ಆತು. ಬರುವವರು ಹೆಚ್ಚಾದ ಹಾಗೆ ಇವರು ಊಟ ಕಡಿಮೆ ಮಾಡಿದರು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಪಂಚಾಯತಿಗೆ ಬಂದು, ಕುರ್ಚಿಯಲ್ಲಿ ಕೂರದೆ, "ತಮಾ, ಹೆಗ್ಡೇರ ಮನೀಗೆ ಹೋಗ್ವನಾ?" ಎಂದರು. ಒಂದು ವರ್ಷದಿಂದ ಆ ಮನೆಗೆ ಊರಿನವರು ಯಾರೂ ಕಾಲಿಟ್ಟಿರಲಿಲ್ಲ. ಸೆಕ್ರೆಟರಿ ಜೊತೆಗಿದ್ದರೆ ಅದು ಆಫೀಸಿನ ಕೆಲಸ ಎಂದಾಗುತ್ತದೆ ಎಂದು ನನ್ನನ್ನು ಕರೆದದ್ದು. ನನ್ನ ಹುದ್ದೆ ಮೊದಲ ಬಾರಿಗೆ ಉಪಯೋಗಕ್ಕೆ ಬಂತು.

ಹೆಗಡೆಯವರು ಮುಂದಿನ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಎದುರಿಗೆ ಹಳೆಯ ಪೇಪರು. ನಮ್ಮನ್ನು ಕಂಡು ಎದ್ದು, ತಾವೇ ಒಳಗೆ ಹೋಗಿ ಚಾಪೆ ತಂದು ಹಾಸಿದರು. ಮುಂಚೆ ಅಣ್ಣಪ್ಪ ನಾಯ್ಕರು ಆ ಮನೆಯಲ್ಲಿ ಮೆಟ್ಟಿಲ ಮೇಲೆ ಕೂರುತ್ತಿದ್ದವರು. ಈಗ ಚಾಪೆಯ ಅಂಚನ್ನು ಮಾತ್ರ ಮುಟ್ಟಿಸಿಕೊಂಡು ಕೂತರು.

"ನರ್ಮದಾ, ಚಾ" ಎಂದು ಹೆಗಡೆಯವರು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು.

"ಹಾಲು ಇಲ್ಲೆ. ಕಷಾಯ ಇದ್ದು," ಎಂದು ಒಳಗಿನಿಂದ ಉತ್ತರ ಬಂತು.

ಕಷಾಯ ಬಂತು. ಅಣ್ಣಪ್ಪ ನಾಯ್ಕರು ಹಲಗೆಯ ವಿಷಯ ಹೇಳಿದರು. ಇಬ್ಬರಿಗೂ ಆತು ಎಂದದ್ದನ್ನೂ ಹೇಳಿದರು. ಹೆಗಡೆಯವರು ಲೋಟದೊಳಗೆ ನೋಡುತ್ತ ಕೇಳಿಸಿಕೊಂಡರು.

"ನೋಡು ಅಣ್ಣಪ್ಪ, ನಾನು ಕೂತಿದ್ದಾಗ ನಿನ್ನ ಜಗಲಿಗೆ ಜನ ಹೋಗ್ತಿದ್ದದ್ದು ನಂಗೆ ಗೊತ್ತಿತ್ತು. ಹೊಟ್ಟೆಕಿಚ್ಚೂ ಇತ್ತು. ನಾನು ಬೇಡ ಅಂದಷ್ಟೂ ನೀನು ಒಳ್ಳೆಯವನಾಗ್ತಿದ್ದೆ. ಈಗ ಬೇಡ ಹೇಳೂಕೆ ನೀನೇ."

"ಯಾರಿಗೆ ಬೇಡ ಹೇಳ್ಲಿ?"

"ಅದನ್ನ ನನ್ನ ಹತ್ರ ಕೇಳ್ತ್ಯಾ? ನಾನು ಹೇಳಿದ್ದು ಕೇಳಿಯೇ ಹಲಗೆ ಹೋದದ್ದು." ಲೋಟ ಕೆಳಗಿಟ್ಟು, "ಒಂದು ಮಾತ್ರ ಹೇಳ್ತೆ. ಎಂತ ಮಾಡಿದ್ರೂ ಸುಕ್ರನ ಮೇಲೆ ಹಾಕಬೇಡ. ಹಲಗೆ ಹೋದದ್ದಕ್ಕೆ ಜನ ನನ್ನ ಬಿಟ್ಟದ್ದಲ್ಲ" ಎಂದರು.

ಎದ್ದು ಹೊರಟಾಗ ಹೆಗಡೆಯವರು ಅಂಗಳದ ಕೊನೆಯ ತನಕ ಬಂದರು. "ಇನ್ನೊಂದು ದಿನ ಬಾ, ಕೆಲಸ ಇಲ್ಲದಿದ್ರೂ" ಎಂದರು. ಅಣ್ಣಪ್ಪ ನಾಯ್ಕರು ಅದಕ್ಕೂ ಆತು ಎಂದರು. ಆ ಆತು ಒಂದೇ ನನಗೆ ಖರೆ ಎನ್ನಿಸಿದ್ದು.

ಅಮಾಸ್ಯೆಯ ಬೆಳಿಗ್ಗೆ ನಾನು ಒಡ್ಡಿಗೆ ಹೋಗುವಾಗ ಊರೆಲ್ಲ ಅಲ್ಲಿತ್ತು. ಭಟ್ಕಳದ ಹುಡುಗನಾಗಿಯೂ ನನಗೆ ಭರತ ಯಾವಾಗ ಎಂದು ಸುಕ್ರನನ್ನೇ ಕೇಳಬೇಕಿತ್ತು. "ಬಂತು, ಇನ್ನೇನು" ಎಂದ ಅವನು. ಒಂದು ಕಡೆ ಮಂಜು ಮತ್ತು ಮೇಲಿನವರು, ಹೆಗಲ ಮೇಲೆ ಬಲೆ, ತಲೆಗೆ ಎಣ್ಣೆ, ಹಬ್ಬದ ಖುಷಿ. ಇನ್ನೊಂದು ಕಡೆ ಲಕ್ಕಿ ಮತ್ತು ತಗ್ಗಿನ ಹೆಂಗಸರು, ಬರಿಗೈ. ಎರಡೂ ಕಡೆಯವರು ನಗುತ್ತಲೇ ಇದ್ದರು, ಯಾಕೆಂದರೆ ಎರಡೂ ಕಡೆಗೆ ಮಾತು ಸಿಕ್ಕಿತ್ತು.

ಅಣ್ಣಪ್ಪ ನಾಯ್ಕರು ಒಗೆದ ಪಂಚೆ ಉಟ್ಟು ಬಂದರು. ಕೈಯಲ್ಲಿ ಕಾಯಿ ಇರಲಿಲ್ಲ. ಅದನ್ನು ಮೊದಲು ಗಮನಿಸಿದವನು ಮಂಜು.

"ಕಾಯಿ ಎಲ್ಲಿ ಭಾವ?"

"ತರಲಿಲ್ಲ. ಇವತ್ತು ಹಲಗೆ ತೆಗೂದಿಲ್ಲ. ತಗ್ಗಿನದು ಕೊಯ್ದ ಮೇಲೆ."

"ನಂಗೆ ಆತು ಹೇಳಿದ್ದೆ ನೀನು."

"ಹೇಳಿದ್ದೆ."

"ಲಕ್ಕಿಗೂ ಹೇಳಿದ್ಯಂತೆ. ಹೆಗ್ಡೇರಿಗೆ ಒಂದು ನಾಲಗೆಯಾದ್ರೂ ಇತ್ತು. ನಿಂಗೆ ಎರಡಾ?"

ಮೇಲಿನವರಲ್ಲಿ ಕೆಲವರು ನಕ್ಕರು. ಅಣ್ಣಪ್ಪ ನಾಯ್ಕರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ, ಅವರ ಕಾಲು ನೋಡುತ್ತಿದ್ದೆ.

"ಹೌದು ಮಂಜು," ಎಂದರು. "ನಿಂಗೆ ಹೇಳಿದ್ದು ಸುಳ್ಳು. ಹೇಳುವಾಗಲೇ ನಂಗೆ ಗೊತ್ತಿತ್ತು ಸುಳ್ಳು ಅಂತ. ನೀವೆಲ್ಲ ಎದ್ದುಹೋಗ್ತ್ರಿ ಅಂತ ಹೆದರಿ ಹೇಳಿದ್ದು. ಸುಕ್ರನದು ಎಂತದೂ ಇಲ್ಲ, ಅವನಿಗೆ ಎಂತದೂ ಅನ್ನಬೇಡಿ."

ಇಷ್ಟು ಹೇಳಿ ಅವರು ಕಂಡಿಯ ಮೇಲಿನ ಅಡ್ಡಮರದಲ್ಲಿ ಕೂತುಬಿಟ್ಟರು, ಹಲಗೆಗಳ ಮೇಲೆ ಕಾಲು ಇಳಿಬಿಟ್ಟು. ಭರತ ಏರಿ ಅವರ ಹಿಮ್ಮಡಿಯ ತನಕ ಬಂತು. ಹೊರಗಿನ ನೀರಿನಲ್ಲಿ ಶೆಟ್ಲಿ ಪುಟಿಯುವುದು ಕಾಣುತ್ತಿತ್ತು. ಅವರನ್ನು ಎತ್ತಿ ಆಚೆ ಇಡುವುದು ಮಂಜುವಿಗೆ ಕಷ್ಟದ ಕೆಲಸವಲ್ಲ. ಅವನು ಎರಡು ಹೆಜ್ಜೆ ಮುಂದೆ ಬಂದವನು, ನಿಂತು, ಬಲೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿ ತಿರುಗಿ ಹೋದ. ಮೇಲಿನವರು ಒಬ್ಬೊಬ್ಬರಾಗಿ ಅವನ ಹಿಂದೆ ಹೋದರು. ನೀರು ಇಳಿಯುವ ತನಕ ಅಣ್ಣಪ್ಪ ನಾಯ್ಕರು ಅಲ್ಲೇ ಕೂತಿದ್ದರು. ಹಬ್ಬದ ದಿನ, ಬಿಸಿಲು ತಲೆಗೆ ಹೊಡೆಯುತ್ತಿತ್ತು. ಕೊಡೆ ತರಲೇ ಎಂದು ಕೇಳಿದೆ. ಬೇಡ ಎಂದರು. ಅವರು ನನಗೆ ಬೇಡ ಎಂದದ್ದು ಅದೇ ಮೊದಲು.

ತಗ್ಗಿನ ಗದ್ದೆ ಕೊಯ್ಲಾಯಿತು. ಲಕ್ಕಿಯ ಅಂಗಳದಲ್ಲಿ ಕಗ್ಗದ ರಾಶಿ ಬಿತ್ತು. ಮುಂದಿನ ಹುಣ್ಣಿಮೆಗೆ ಕಾಯಿ ಒಡೆದು ಹಲಗೆ ತೆಗೆದರು, ಶೆಟ್ಲಿ ಕಡಿಮೆ ಬಂತು, ಆದರೂ ಬಂತು. ಹೊಸ ರಸ್ತೆಗೆ ಕಲ್ಲು ಹಾಕುವಾಗ ಒಬ್ಬರ ಬೇಲಿ ಸರಿಸಬೇಕಾಯಿತು, ಅಣ್ಣಪ್ಪ ನಾಯ್ಕರು ಸರಿಸಿದರು. ಇನ್ನೊಬ್ಬರು ಸಾರ್ವಜನಿಕ ಬಾವಿಯ ದಂಡೆಯಲ್ಲಿ ಎಮ್ಮೆ ಕಟ್ಟುತ್ತಿದ್ದರು, ಬಿಚ್ಚಿಸಿದರು. ವಿಚಾರಿಸುವುದು, ನೋಡುವುದು, ಹೌದು ಅಥವಾ ಇಲ್ಲ. ಹೆಗಡೆಯವರ ಕಾಲಕ್ಕಿಂತ ಆಡಳಿತ ಚೆನ್ನಾಗಿತ್ತು ಎಂದು ಆ ಕಾಗದಗಳನ್ನು ಬರೆದ ಕೈ ಹೇಳುತ್ತಿದೆ. ನನ್ನ ಜೀವನದಲ್ಲಿ ನಾನು ಮುಂಗಂಡು ಹೇಳಿದ್ದು ಸರಿಯಾದದ್ದು ಇದೊಂದೇ. ಇದನ್ನೂ ಹೇಳಿಕೊಂಡು ತಿರುಗುವ ಹಾಗಿಲ್ಲ.

ಯಾಕೆಂದರೆ ಜಗಲಿ ಖಾಲಿಯಾಯಿತು. ಮೇಲಿನವರು ಬರಲಿಲ್ಲ, ಅದು ಸರಿ. ತಗ್ಗಿನವರೂ ಬರಲಿಲ್ಲ. ಲಕ್ಕಿ ಹೊಸ ಅಕ್ಕಿ ತಂದು ಮೆಟ್ಟಿಲ ಮೇಲಿಟ್ಟು, ಕೈಮುಗಿದು, ನಾಲ್ಕು ಮಾತು ಆಡದೆ ಹೋದಳು. ಅವರು ಮಂಜುವಿಗೆ ಬೇಡ ಅಂದವರು, ನಾಳೆ ನಮಗೂ ಅಂದಾರು ಎಂಬ ಹಾಗೆ ಜನ ಮಾತನ್ನು ಅಳೆದು ಆಡತೊಡಗಿದರು. ಸಂಜೆ ಅವರು ಹರಿವಾಣದಲ್ಲಿ ಎಲೆ ಒರೆಸಿ ಇಡುತ್ತಿದ್ದರು, ಎಲೆ ಬಾಡುತ್ತಿತ್ತು. ನಾನು ಹೋಗುತ್ತಿದ್ದೆ, ನಿಜ. ಆದರೆ ನಾನು ಸಂಬಳಕ್ಕೆ ಕೂತವನು. ಊರಿನವರ ಲೆಕ್ಕದಲ್ಲಿ ನಾನು ಕುರ್ಚಿಯ ಜೊತೆಗೆ ಬಂದ ಮೇಜು. ಮಂಜು ಬಾರದ್ದರಿಂದ ಸಾರೂ ಇರಲಿಲ್ಲ. ಇಬ್ಬರೂ ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡು ಉಣ್ಣುತ್ತಿದ್ದೆವು. ಅವರು ನನ್ನ ಆಯಿಯ ಬಗ್ಗೆ, ಭಟ್ಕಳದ ಪೇಟೆಯ ಬಗ್ಗೆ ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದರು. ವಾರಕ್ಕೊಮ್ಮೆ ಹೆಗಡೆಯವರಲ್ಲಿಗೆ ಹೋಗಿ ಬರುತ್ತಿದ್ದರು. ಅಲ್ಲಿ ಇಬ್ಬರೂ ಎಂತ ಮಾತಾಡುತ್ತೀರಿ ಎಂದು ಒಮ್ಮೆ ಕೇಳಿದೆ. "ಎಂತದೂ ಇಲ್ಲ ತಮಾ. ಕಷಾಯ ಕುಡೂದು" ಎಂದರು.

ಅವಧಿ ಮುಗಿದು ಹೊಸ ಚುನಾವಣೆ ಬಂತು. ಗೆದ್ದ ಮೆಂಬರರು ಪಂಚಾಯತಿಯಲ್ಲಿ ಸೇರಿದರು. ಮೇಲಿನ ಕಡೆಯಿಂದ ಮಂಜು, ತಗ್ಗಿನಿಂದ ಸುಕ್ರ. ಚೇರ್ಮನ್ ಯಾರು ಎಂದಾಗ ಮೊದಲು ಎದ್ದವನು ಮಂಜು. "ಅಣ್ಣಪ್ಪ ನಾಯ್ಕರ ಹೆಸರು ಬರ್ಕೊಳ್ಳಿ ಸೆಕ್ರೆಟರಿಗಳೇ. ಹಲಗೆ ಮುಟ್ಟೂಕೆ ಬೇರೆ ಕೈ ಬೇಡ" ಎಂದ. ಎಲ್ಲರ ಕೈ ಮೇಲೆ ಹೋಯಿತು. ನಾನು ಬರೆಯುತ್ತ ಅಣ್ಣಪ್ಪ ನಾಯ್ಕರನ್ನು ನೋಡಿದೆ. ಅವರು ಮಂಜುವನ್ನೇ ನೋಡುತ್ತಿದ್ದರು. ಅವನು ನನ್ನಿಂದ ಹೆಸರು ಬರೆಸಿದ, ಮೆಚ್ಚಿ ಮಾತಾಡಿದ, ಭಾವ ಎನ್ನಲಿಲ್ಲ.

ಎಲ್ಲರೂ ಹೋದ ಮೇಲೆ ಅವರು ಮೇಜಿನ ಹತ್ತಿರ ಬಂದರು.

"ವೈಸ್ ಚೇರ್ಮನ್ ಜಾಗ ಯಾರಿಗೆ ಹೋತು ತಮಾ? ನಂಗೆ ಸರಿ ಕೇಳಲಿಲ್ಲ."

"ಸುಕ್ರ ಗೌಡನಿಗೆ."

"ಅದನ್ನ ನಂಗೆ ಕೊಟ್ಟು ಇದನ್ನ ಅವನಿಗೆ ಕೊಡೂಕೆ ಕಾಯ್ದೆಯಲ್ಲಿ ಬರೂದಿಲ್ವ?"

ನಾನು ನಗೆಮಾತು ಎಂದು ನಗಲು ಹೊರಟೆ. ಅವರು ನಗುತ್ತಿರಲಿಲ್ಲ. "ಎಲ್ಲರೂ ಕೈ ಎತ್ತಿದ್ದಾರೆ ಅಣ್ಣಪ್ಪಣ್ಣ" ಎಂದೆ. "ಹೌದು, ಎತ್ತಿದ್ದಾರೆ" ಎಂದು ಸಹಿ ಹಾಕಿದರು.

ಬೀಗ ಹಾಕಿ ಇಬ್ಬರೂ ಒಡ್ಡಿನ ದಾರಿಯಲ್ಲಿ ಹೊರಟೆವು. ದಾರಿ ಸುಕ್ರನ ಮನೆಯ ಮುಂದೆ ಹಾದುಹೋಗುತ್ತದೆ. ಅವನ ಜಗಲಿ ತುಂಬಿತ್ತು. ಮೇಲಿನವರೂ ಇದ್ದರು, ತಗ್ಗಿನವರೂ ಇದ್ದರು. ಮಂಜು ನಡುವೆ ಕೂತು ಏನೋ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ನಮ್ಮನ್ನು ಕಂಡದ್ದೇ ನಗು ನಿಂತು ಎಲ್ಲರೂ ಎದ್ದರು. ಸುಕ್ರ ಮೈಮೇಲಿನ ಟವೆಲು ತೆಗೆದು ಜಾಗ ಒರೆಸಿ, "ಬನ್ನಿ ನಾಯ್ಕ್ರೇ, ಕೂತ್ಕೊಳ್ಳಿ" ಎಂದ. ಅಣ್ಣಪ್ಪ ನಾಯ್ಕರು ಒಂದು ಗಳಿಗೆ ಆ ಒರೆಸಿದ ಜಾಗವನ್ನು ನೋಡಿದರು. ಅವರು ಕೂತಿದ್ದರೆ ಉಳಿದವರು ನಿಂತೇ ಇರಬೇಕಾಗುತ್ತಿತ್ತು.

"ಕೂರಿ ಕೂರಿ, ನಂಗೆ ಕೆಲಸ ಉಂಟು" ಎಂದು ಮುಂದೆ ನಡೆದರು. ನನಗೆ ತಿಳಿದ ಮಟ್ಟಿಗೆ ಆ ಸಂಜೆ ಅವರಿಗೆ ಯಾವ ಕೆಲಸವೂ ಇರಲಿಲ್ಲ.